ಹಗೇವಿನ ಬಾಯಿ ಕಾದವಳು

ಅಂತರಘಟ್ಟಮ್ಮ ಜಗಳೂರು ಕಡೆಯವಳು. ಬಾವಿ ತೋಡುವ ಕೆಲಸಕ್ಕೆಂದು ಉಬ್ರಾಣಿ ಹತ್ತಿರದ ನಮ್ಮ ಹಳ್ಳಿಗೆ ಬಂದ ಅವಳ ಗಂಡ ಇಲ್ಲೇ ಜ್ವರ ಬಂದು ತೀರಿಕೊಂಡ. ಅವಳು ತವರಿಗೆ ಹೋಗಲಿಲ್ಲ. ಬಸವರಾಜಪ್ಪ ಗೌಡರ ಕಣದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡು, ನಮ್ಮ ಬೀದಿಯ ಮನೆಗಳಲ್ಲಿ ಕಾಳು ಹಸನು ಮಾಡುತ್ತ, ನೆಲ ಸಾರಿಸುತ್ತ ಉಳಿದುಬಿಟ್ಟಳು. ಮಾತು ಬಹಳ ಕಡಿಮೆ. ಕೇಳಿದ್ದಕ್ಕೆ ಉತ್ತರ ಕೊಟ್ಟರೂ ಅರ್ಧವೇ. ಎದುರು ಮನೆಯ ಸರ್ವಮಂಗಳಮ್ಮ ನಗಾಡುತ್ತಿದ್ದರು: "ಇವಳು ಬಾಯಿಗೆ ಬೀಗ ಹಾಕ್ಕೊಂಡು, ಬೀಗದ ಕೈ ಜಗಳೂರಿನಾಗೇ ಬಿಟ್ಟು ಬಂದಾಳೆ."

ಎಂಬತ್ಮೂರನೇ ಇಸವಿಯ ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿತ್ತು. ಬೇಸಿಗೆಯಲ್ಲಿ ಗುಡ್ಡ ಉರಿಯುವುದು ನಮಗೆ ಹೊಸದಲ್ಲ. ಒಣಗಿದ ಕರಡ ಹುಲ್ಲಿಗೆ ಕಿಡಿ ಇಟ್ಟರೆ ಮೊದಲ ಮಳೆಗೆ ಎಳೆ ಹುಲ್ಲು ಚಿಗುರುತ್ತದೆ, ದನಗಳು ಮೇಯುತ್ತವೆ. ಆ ಕೆಲಸ ನಮ್ಮ ಬೀದಿಯಲ್ಲೇ ಇದ್ದ, ದನ ಕಾಯುವ ಹನುಮಣ್ಣನದು. "ಹಚ್ಚಿದ್ಯೇನಪ್ಪಾ ಈ ವರ್ಷ?" ಎಂದು ಊರವರೇ ಅವನನ್ನು ಕೇಳುತ್ತಿದ್ದರು. ನಾನೂ ಕೇಳಿದ್ದುಂಟು. ಆದರೆ ಆ ಮಧ್ಯಾಹ್ನ ಗಾಳಿ ತಿರುಗಿತು. ಗಂಡಸರೆಲ್ಲ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯಲು ಮೇಲೆ ಹೋಗಿದ್ದರು. ಬೆಂಕಿ ಅವರ ಪಕ್ಕದಿಂದಲೇ ಇಳಿದು ಕಣದ ಬಣವೆಗಳಿಗೆ ಹತ್ತಿತು. ಅಲ್ಲಿಂದ ನಮ್ಮ ಬೀದಿಯ ಹುಲ್ಲಿನ ಮಾಡುಗಳಿಗೆ. ನಾವು ಹೆಂಗಸರು ಮಕ್ಕಳನ್ನು ಎತ್ತಿಕೊಂಡು, ಕೈಗೆ ಸಿಕ್ಕ ಗಂಟು ಹಿಡಿದು ಕೆರೆ ಏರಿಗೆ ಓಡಿದೆವು. ನಾನು ದೇವರ ಜಗಲಿಯ ವಿಭೂತಿ ಗಟ್ಟಿ ಒಂದನ್ನು ತಂದಿದ್ದೆ. ಬೇರೆ ಏನೂ ತೋಚಿರಲಿಲ್ಲ.

ಏರಿಯ ಮೇಲೆ ಎಲ್ಲರ ಗಂಟೂ ಒಂದರ ಮೇಲೊಂದು ಬಿದ್ದವು. ಸುತ್ತಲ ಹಳ್ಳಿಗಳಿಂದ ಬೆಂಕಿ ಆರಿಸಲು ಬಂದವರೂ ಇದ್ದರು. ಹೊತ್ತು ಮುಳುಗುವ ಹೊತ್ತಿಗೆ ಯಾರ ಗಂಟು ಯಾರ ಕೈಯಲ್ಲಿದೆ ಎಂದು ತಿಳಿಯದಂತಾಯಿತು. ನನ್ನ ನಾದಿನಿಯ ರೇಷ್ಮೆ ಸೀರೆ ಹೋಯಿತು. ಕದ್ದವರು ಹೊರಗಿನವರೋ ನಮ್ಮವರೋ, ಇವತ್ತಿಗೂ ಗೊತ್ತಿಲ್ಲ.

ಮರುದಿನ ಮನೆಗಳಿಗೆ ಹೋದರೆ ಬೂದಿ ಮಾತ್ರ. ಹಿತ್ತಾಳೆ ಹಂಡೆ ಬೂದಿಯಾಗುವುದಿಲ್ಲವಲ್ಲ? ಹಂಡೆ, ಕೊಡ, ಕೊಪ್ಪರಿಗೆ, ಒಂದೂ ಇರಲಿಲ್ಲ. ಆಗ ಸರ್ವಮಂಗಳಮ್ಮನವರಿಗೆ ನೆನಪಾಯಿತು. ಓಡುವಾಗ ಹಿಂದಿರುಗಿ ನೋಡಿದರಂತೆ. ಅಂತರಘಟ್ಟಮ್ಮ ಅವರ ಹಂಡೆಯನ್ನು ಉರುಳಿಸಿಕೊಂಡು ಬಾಗಿಲು ದಾಟುತ್ತಿದ್ದಳಂತೆ.

ಅಂತರಘಟ್ಟಮ್ಮ ಕಣದಲ್ಲೇ, ಸುಟ್ಟ ಬಣವೆಯ ಪಕ್ಕ ಬೂದಿಯ ಮೇಲೆ ಕೂತಿದ್ದಳು. ಗುಡಿಸಲು ಹೋಗಿತ್ತು, ಮುಂಗೈಗಳು ಬೆಂದು ಬೊಬ್ಬೆ ಎದ್ದಿದ್ದವು. ಗೌಡರು ಕೇಳಿದರು. ಅವಳು ಮುಚ್ಚಿಡಲಿಲ್ಲ.

"ಅದಾವೆ ಗೌಡ್ರೆ. ಎಲ್ಲಾರ ಮನೇವೂ ಅದಾವೆ. ಎಲ್ಲಾರೂ ಬರಲಿ, ತೋರಿಸ್ತೀನಿ."

ಎಲ್ಲರೂ ಇಲ್ಲೇ ಇದ್ದಾರಲ್ಲ ಎಂದು ಗೌಡರು ಸಿಟ್ಟಾದರು.

"ಹನುಮಣ್ಣ ಬಂದಿಲ್ಲ."

ಆ ಒಂದು ಮಾತು ಅವಳಿಗೆ ಮುಳುವಾಯಿತು. ಬೆಂಕಿ ಬಿದ್ದ ಸಂಜೆಯೇ ಹನುಮಣ್ಣ ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟಿದ್ದ. ಬೆಂಕಿ ಇಟ್ಟವನು ಅವನು, ದೋಚಿದವಳು ಇವಳು, ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ಜನ ಲೆಕ್ಕ ಕೂಡಿಸಿದರು. ಸುಟ್ಟ ಗುಡಿಸಲ ನೆಲವನ್ನೂ ಅಗೆದು ನೋಡಿದರು. ಸರ್ವಮಂಗಳಮ್ಮ ಅವಳ ಸತ್ತ ಗಂಡನ ಹೆಸರು ಎತ್ತಿ ಬೈದರು. ಸೋಮವಾರದೊಳಗೆ ತೋರಿಸದಿದ್ದರೆ ಚನ್ನಗಿರಿ ಠಾಣೆಗೆ ಒಪ್ಪಿಸುವುದಾಗಿ ಗೌಡರು ಹೇಳಿದರು. ಅವಳು ಆಗಲಿ ಎಂಬಂತೆ ತಲೆಯಾಡಿಸಿ, ಕೂತಲ್ಲೇ ಕೂತಳು.

ನಾನು ದಿನವೂ ಅವಳ ಕೈಗೆ ಕೊಬ್ಬರಿ ಎಣ್ಣೆ ಹಚ್ಚಲು ಹೋಗುತ್ತಿದ್ದೆ. ಕೇಳಬೇಕೆನಿಸಿದರೂ ಕೇಳುತ್ತಿರಲಿಲ್ಲ. ಅವಳನ್ನು ನಂಬಬೇಕೋ ಬೇಡವೋ ನನಗೇ ತಿಳಿಯದಾಗಿತ್ತು. ಪೂಜೆಗೆ ಕೂತರೆ ಶಿವನ ಬದಲು ನನ್ನ ಹಿತ್ತಾಳೆ ಕೊಡ ಕಣ್ಣಿಗೆ ಬರುತ್ತಿತ್ತು. ಒಂದು ದಿನ ಅವಳೇ ಬಾಯಿ ಬಿಟ್ಟಳು.

"ಏರಿ ಮ್ಯಾಲೆ ಏನಾತು, ನೀವೇ ನೋಡಿದ್ರಲ್ಲ ಅಮ್ಮಾರೆ. ಮೊದಲು ಬಂದೋರಿಗೆ ಒಳ್ಳೇದು ಸಿಕ್ತು. ಇಲ್ಲೂ ಹಂಗೇ ಆದ್ರೆ ನಾ ಕೈ ಸುಟ್ಕೊಂಡು ಏನು ಬಂತು? ಅವರವರ ಸಾಮಾನು ಅವರವರೇ ಎತ್ಕಬೇಕು."

ಆಮೇಲೆ ತಾನು ಕೂತ ಬೂದಿಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದಳು. ಕೆಳಗೆ ಚಪ್ಪಡಿ ಕಲ್ಲಿನ ಸದ್ದು.

ಅಲ್ಲಿ ಗೌಡರ ತಾತನ ಕಾಲದ ಹಗೇವು ಇತ್ತು. ನೆಲದೊಳಗೆ ಕಾಳು ತುಂಬಿಡುವ ಗುಂಡಿ. ನಮ್ಮ ಕಡೆ ಚೀಲದಲ್ಲಿ ಕಾಳು ಕಟ್ಟಿಡುವುದು ಬಂದ ಮೇಲೆ ಅದನ್ನು ಎಲ್ಲರೂ ಮರೆತಿದ್ದರು. ಅವಳ ಊರಿನಲ್ಲಿ ಇನ್ನೂ ಮನೆಮನೆಗೂ ಹಗೇವು ಇವೆಯಂತೆ. ಏನೇ ಗಂಡಾಂತರ ಬಂದರೂ ಮೊದಲು ಹಗೇವಿಗೆ ಹಾಕಿ ಮುಚ್ಚುವುದು ಅವರ ರೂಢಿ. ಪಾಲುದಾರರೆಲ್ಲ ಬರದೆ ಅದರ ಬಾಯಿ ತೆರೆಯುವುದಿಲ್ಲ. ಒಬ್ಬ ಇಲ್ಲದಾಗ ತೆರೆದರೆ ತೆಗೆದದ್ದೆಲ್ಲ ಕಳವಿಗೆ ಸಮ. ಇಲ್ಲಿ ಯಾರಿಗೂ ಆ ರೂಢಿ ಗೊತ್ತಿಲ್ಲ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಗೌಡರಿಗೆ ಹೇಳಿಬಿಡಲೇ ಎಂದೆ. ಬೇಡ ಎಂಬಂತೆ ನನ್ನ ಕೈ ಹಿಡಿದಳು. ಬೊಬ್ಬೆ ಒಡೆದಿತ್ತು. ಹೇಗಾದರೂ ಹನುಮಣ್ಣನನ್ನು ಕರೆತನ್ನಿ ಎಂದು ನಾನು ನಮ್ಮ ಮನೆಯವರನ್ನು ಬೇಡಿಕೊಂಡೆ. ಅವನು ಸವಳಂಗದಲ್ಲಿ ಅಕ್ಕನ ಮನೆಯಲ್ಲಿದ್ದಾನೆಂದು ಸುದ್ದಿ ಇತ್ತು. ಯಾಕೆ, ಏನು ಎಂದು ಕೇಳದೆ ಅವರು ಬಸ್ ಹತ್ತಿದರು.

ಸೋಮವಾರ ಬೆಳಿಗ್ಗೆ ಹನುಮಣ್ಣ ಅವರ ಹಿಂದೆ ತಲೆ ತಗ್ಗಿಸಿ ಬಂದ. ಅವನ ಮೇಲೆ ಕೈ ಮಾಡಲು ಹೋದವರನ್ನು ಗೌಡರು ತಡೆದರು. ಅಂತರಘಟ್ಟಮ್ಮ ಎದ್ದು ಬೂದಿ ಸರಿಸಿದಳು. ಗಂಡಸರು ಚಪ್ಪಡಿ ಎತ್ತಿದರು. ಮುಚ್ಚಿದ ಹಗೇವಿಗೆ ಒಮ್ಮೆಲೇ ಇಳಿಯಬಾರದು, ಒಳಗಿನ ಗಾಳಿಗೆ ಆಳು ಸಾಯುತ್ತಾನೆ. ಅದಕ್ಕೆ ಮಧ್ಯಾಹ್ನದವರೆಗೆ ಎಲ್ಲರೂ ಸುತ್ತ ಕೂತು ಕಾದೆವು. ಸರ್ವಮಂಗಳಮ್ಮನವರಿಗೆ ತಡೆಯಲಾಗಲಿಲ್ಲ. ಬೆಂಕಿ ಇಟ್ಟದ್ದು ನೀನೇನಾ ಎಂದು ಹನುಮಣ್ಣನನ್ನು ಕೇಳಿಬಿಟ್ಟರು.

"ವರ್ಷಾ ವರ್ಷಾ ಇಟ್ಟೀನಿ ಅಮ್ಮಾರೆ. ಈ ವರ್ಷ ಇಟ್ಟಿಲ್ಲ. ಹಂಗಂದ್ರೆ ನಂಬೋರು ಯಾರು? ಒಂದೊಂದು ಸಲ ನನಗೇ ನಂಬಾಕೆ ಆಗಲ್ಲ."

ಪ್ರತಿ ವರ್ಷ ಹಚ್ಚಿದ್ಯೇನಪ್ಪಾ ಎಂದು ಅವನನ್ನು ಕೇಳುತ್ತಿದ್ದವರೇ ನಾವೆಲ್ಲ.

ಲಾಂದ್ರ ಇಳಿಬಿಟ್ಟು, ಅದು ಆರಲಿಲ್ಲವೆಂದು ನೋಡಿ ಒಬ್ಬರು ಇಳಿದರು. ಹಂಡೆಗಳು ಬಂದವು, ಕೊಡಗಳು ಬಂದವು, ನನ್ನದೂ ಬಂತು, ಸೊಟ್ಟಗಾಗಿತ್ತು. ಅವರವರ ಸಾಮಾನು ಅವರವರೇ ಎತ್ತಿಕೊಂಡರು. ಕೊನೆಗೆ ತಳದಲ್ಲಿ ಉಳಿದದ್ದು ಒಂದು ತೇಪೆ ಹಾಕಿದ ಕಂಬಳಿ, ಒಂದು ಸೀಳು ಬಿಟ್ಟ ಕಂಚಿನ ಊಟದ ಗಂಗಾಳ. ಹನುಮಣ್ಣ ಎರಡನ್ನೂ ಎದೆಗೆ ಒತ್ತಿಕೊಂಡ. ಇಷ್ಟಕ್ಕೇನೇ ಕಾಯಿಸಿದ್ದು ಎಂದು ಯಾರೋ ಮೆಲ್ಲಗೆ ಅಂದರು.

ಆದರೆ ಸರ್ವಮಂಗಳಮ್ಮನವರ ಬೆಳ್ಳಿ ಬಟ್ಟಲು ಸಿಗಲಿಲ್ಲ. ಹಂಡೆಯೊಳಗೇ ಇಟ್ಟಿದ್ದೆ ಎಂದರು. ತಾನು ನೋಡಿಲ್ಲ ಎಂದಳು ಅಂತರಘಟ್ಟಮ್ಮ. ಬೂದಿ ಜರಡಿ ಹಿಡಿದರೂ ಇಲ್ಲ. ಅದು ಎಲ್ಲಿ ಹೋಯಿತೆಂದು ನಾನು ಬಹಳ ಯೋಚಿಸಿದ್ದೇನೆ. ಒಮ್ಮೊಮ್ಮೆ ಅವಳ ಮೇಲೆ ಅನುಮಾನ ಬರುತ್ತದೆ, ಆ ಬೆಂದ ಕೈ ನೆನೆದು ಕೆನ್ನೆಗೆ ಹೊಡೆದುಕೊಳ್ಳುತ್ತೇನೆ. ಶಿವ ಬಲ್ಲ.

ಮಳೆಗಾಲದ ಮೊದಲೇ ಊರವರು ಸೇರಿ ಅವಳಿಗೆ ಹೊಸ ಗುಡಿಸಲು ಹಾಕಿಕೊಟ್ಟರು. ಬೈದದ್ದಕ್ಕೆ ತಪ್ಪಾಯಿತೆಂದು ಯಾರೂ ಹೇಳಲಿಲ್ಲ. ಆದರೆ ಮದುವೆಗೋ ಮುಂಜಿಗೋ ಪರವೂರಿಗೆ ಹೋಗುವಾಗ ಬೀದಿಯವರು ಬೀಗದ ಕೈ ಕೊಡುತ್ತಿದ್ದುದು ಅವಳ ಕೈಗೇ. ತಿರುಗಿ ಬಂದವರು ಪಾತ್ರೆಗಳನ್ನು ಎಣಿಸುತ್ತಲೂ ಇದ್ದರು. ಒಮ್ಮೆ ಸರ್ವಮಂಗಳಮ್ಮ ಬೀಗದ ಕೈ ಇಸಿದುಕೊಂಡು, ಎಣಿಸಲು ನಾಚಿ ಬಾಗಿಲಲ್ಲೇ ನಿಂತರು. ಅಂತರಘಟ್ಟಮ್ಮನೇ ಒಳಗೆ ಹೋಗಿ, ಹಂಡೆ ಕೊಡ ಒಂದೊಂದನ್ನೂ ತಂದು ಅವರೆದುರು ಸಾಲಾಗಿ ಇಟ್ಟಳು.

"ಎಣಿಸ್ಕಳ್ರಿ ಅಮ್ಮಾರೆ," ಎಂದಳು. "ನಾ ನಿಂತಿರ್ತೀನಿ."