ವಿಧಿದೇವತೆಯರಿಗೆ ತಂದ ಜೇನು

ಆಫೀಸಿನ ಪ್ಯಾಂಟ್ರಿಯಲ್ಲಿ ಯಾರಾದರೂ ಜೇನಿನ ಬಾಟಲಿ ತೆರೆದು ಅದರ ಪರಿಮಳ ಬಂದರೆ ಸಾಕು, ಹತ್ತಿರದಲ್ಲಿ ಎಳೆಮಗು ಇದೆಯೇ ಎಂದು ನಾನು ಸುತ್ತ ನೋಡುತ್ತೇನೆ. ಈ ಕೊಲ್ಲಿ ನಾಡಿನ ಮುಶೈರಿಬ್‌ನ ನಮ್ಮ ಅಕೌಂಟ್ಸ್ ವಿಭಾಗಕ್ಕೆ ಎಳೆಮಗು ಎಲ್ಲಿಂದ ಬರಬೇಕು ಹೇಳಿ! ನಗಬೇಡಿ; ನಕ್ಕರೂ ಅಡ್ಡಿಯಿಲ್ಲ.

ಇದಕ್ಕೆಲ್ಲ ಇರೀನಿ ಕಾರಣ. ಅಲ್ ವುಕೈರ್‌ನಲ್ಲಿ ನಾನು ಅಕ್ಕ-ಭಾವನ ಜೊತೆಗಿರುವ ಮನೆಯ ಎದುರು ಫ್ಲ್ಯಾಟಿನ ಗ್ರೀಕ್ ಹೆಂಗಸು, ಶಾಲೆಯಲ್ಲಿ ಈಜು ಕಲಿಸುವವಳು. ಅವಳ ಪ್ರಕಾರ ಜೇನಿಗೆ ಬಗ್ಗದ ಕಾಯಿಲೆಯಿಲ್ಲ. ನನಗೆ ಕೆಮ್ಮು ಹಿಡಿದಾಗ ಜೇನಿಗೆ ವಿನೆಗರ್ ಬೆರೆಸಿ ಕುಡಿಸಿದಳು. ಅವರ ಪ್ರಾಚೀನ ವೈದ್ಯರ ಮದ್ದಂತೆ. ಕೆಮ್ಮು ನಿಂತದ್ದು ಮದ್ದಿಗೋ ಮದ್ದಿನ ಹೆದರಿಕೆಗೋ ತಿಳಿಯದು. ಅವರ ಓಟಗಾರರು ಜೇನು ತಿಂದು ಓಡುತ್ತಿದ್ದರಂತೆ, ಸತ್ತವರಿಗೂ ಜೇನಿನ ಕಜ್ಜಾಯದ ಎಡೆಯಂತೆ. ಅವರ ದೇವರಾಜನಂತೂ ಕೂಸಾಗಿದ್ದಾಗ ಗುಹೆಯಲ್ಲಿ ಜೇನುಂಡೇ ಬೆಳೆದವನು. ಅಕ್ಕನ ಬಾಣಂತನಕ್ಕೆ ಉಡುಪಿಯಿಂದ ಬಂದಿದ್ದ ಅಮ್ಮನಿಗೆ ಇದನ್ನೆಲ್ಲ ನಾನೇ ಉತ್ಸಾಹದಿಂದ ಹೇಳಿದ್ದೆ. "ಒಳ್ಳೆ ಸಂಪ್ರದಾಯಸ್ಥೆ" ಎಂದು ಅಮ್ಮ ಮೆಚ್ಚಿದ್ದಳು.

ಮಗು ಹುಟ್ಟಿದ ಮೂರನೆಯ ಸಂಜೆ ಇರೀನಿ ಒಂದು ತಟ್ಟೆಯಲ್ಲಿ ಬಾದಾಮಿ, ಬ್ರೆಡ್ಡು, ಪುಟ್ಟ ಬಟ್ಟಲು ಜೇನು ತಂದು ತೊಟ್ಟಿಲ ಪಕ್ಕದಲ್ಲಿಟ್ಟು ಕೈ ತೊಳೆಯಲು ಹೋದಳು. ನಮ್ಮ ಕಡೆ ಹಸುಗೂಸಿನ ಬಳಿ ಜೇನು ಬಂತೆಂದರೆ ಅದು ಹೋಗುವುದು ಒಂದೇ ಕಡೆಗೆ. ಅಮ್ಮ ಊರಿಂದ ತಂದ ಬಜೆ ತೇಯ್ದು ಜೇನಿಗೆ ಕಲಸಿ, "ಬಾಯಿ ತೆರಿ ಪುಟ್ಟ, ಮಾತು ಬೇಗ ಬರ್ತದೆ" ಎಂದು ಬೆರಳು ಚಾಚಿದಳು. ನಾನು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದೆ. ಅದು ಈಗಲೂ ನನ್ನಲ್ಲಿದೆ: ಬೆರಳು, ತುಟಿ, ಒಂದು ಕಿರುಚು, ಆಮೇಲೆ ಬರೀ ಸೀಲಿಂಗು.

ಕಿರುಚಿದವಳು ಇರೀನಿ. ಓಡಿ ಬಂದು ಮಗುವಿನ ತುಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು.

"ಎಂತದು ಇವಳದ್ದು?" ಅಮ್ಮ ಕೆಂಡವಾದಳು. "ಇವಳ ದೇವರ ಕೂಸು ತಿನ್ಬಹುದು, ನಮ್ಮದು ತಿನ್ಬಾರದಾ?"

ನಾನು ಅನುವಾದಿಸಿದೆ.

"ಅವನು ದೇವರು!" ಎಂದಳು ಇರೀನಿ. "ಇವನು ಮೂರು ದಿನದ ಮನುಷ್ಯ!"

ಜೇನು ಮಗುವಿಗಲ್ಲವಂತೆ. ಮೂರನೆಯ ದಿನ ಹಣೆಬರಹ ಬರೆಯಲು ಮೂವರು ವಿಧಿದೇವತೆಯರು ಬರುತ್ತಾರೆ, ಅವರ ಬಾಯಿ ಸಿಹಿಯಾದರೆ ಬರಹವೂ ಸಿಹಿ. ಮಗುವಿಗೆ ಮಾತ್ರ ವರ್ಷ ತುಂಬುವವರೆಗೆ ಜೇನು ಕೂಡದು. ಡಾಕ್ಟರರು ಫೋನಿನಲ್ಲಿ ಅದನ್ನೇ ಹೇಳಿದರು: ಜೇನಿನಲ್ಲಿ ಒಮ್ಮೊಮ್ಮೆ ಇರುವ ರೋಗಾಣುವನ್ನು ಎಳೆಯ ಹೊಟ್ಟೆ ತಡೆಯದು, ಉಸಿರೇ ನಿಲ್ಲಬಹುದು. ಮಲ ಕಟ್ಟಿದರೆ, ಅಳು ಕ್ಷೀಣಿಸಿದರೆ, ಹಾಲು ಚೀಪದಿದ್ದರೆ ತಕ್ಷಣ ಕರೆತನ್ನಿ.

ವಾರಗಟ್ಟಲೆ ಕಾದೆವು. ಒಂದು ಕುಟುಂಬ ಡೈಪರಿನ ಮುಂದೆ ಅಷ್ಟು ಭಕ್ತಿಯಿಂದ ನಿಂತದ್ದನ್ನು ನೀವು ಕಂಡಿರಲಾರಿರಿ. ದುಖಾನ್‌ನಲ್ಲಿ ಡ್ಯೂಟಿಯಲ್ಲಿದ್ದ ಭಾವ ಫೋನ್ ಮಾಡಿ "ಆಯ್ತಾ?" ಎನ್ನುವನು. "ಆಯ್ತು ಮಾರಾಯ, ಭರ್ಜರಿ!" ಎಂದು ಅಮ್ಮ ಅಡುಗೆಮನೆಯಿಂದಲೇ ಕೂಗುವಳು. ಮಗು ಗಂಟಲು ಹರಿಯುವಂತೆ ಅತ್ತರೆ ನಮಗೆ ಹಬ್ಬ. ನೆರೆಯವರಿಗೆ, ಇಲ್ಲಿನ ಅರಬ್ಬಿಯಲ್ಲಿ ಹೇಳುವುದಾದರೆ, ಮಾಫಿ ನಿದ್ದೆ; ನಿದ್ದೆಯೇ ಇಲ್ಲ.

ಏನೂ ಆಗಲಿಲ್ಲ. ಸೋದರಳಿಯನಿಗೆ ವರ್ಷ ತುಂಬಿತು, ಅಮ್ಮ ಮತ್ತೆ ಬಂದಳು. ನಿನ್ನೆ ಇರೀನಿಯೇ ಅವನಿಗೆ ದೋಸೆಗೆ ಜೇನು ಸವರಿ ಕೊಟ್ಟಳು. ತಿಂದ, ಇನ್ನೂ ಬೇಕೆಂದು ಮೇಜು ಬಡಿದ, ಗಲ್ಲದ ಅಂಟನ್ನೂ ಒರೆಸಗೊಡದೆ ಮಲಗಿಬಿಟ್ಟ. ನಾನು ಬಗ್ಗಿ ಅವನ ಎದೆ ಏರಿಳಿಯುವುದನ್ನೇ ನೋಡುತ್ತ ನಿಂತಿದ್ದೆ.

ಹಿಂದಿನಿಂದ ಅಮ್ಮ ಹೆಗಲ ಮೇಲೆ ಕೈಯಿಟ್ಟಳು.

"ಸಾಕು ಮಾರಾಯ, ಅವ ಉಸಿರಾಡ್ತಾ ಇದ್ದಾನೆ. ಇನ್ನು ನೀನೂ ಸ್ವಲ್ಪ ಉಸಿರಾಡು."