ಎಕ್ಸ್‌ರೇ ಮಾದಪ್ಪನವರು ತೋರಿಸಿದ ಇಸ್ಕೂಲು

ಎಕ್ಸ್‌ರೇ ಮಾದಪ್ಪನವರಿಗೆ ಜನರ ಮುಖ ನೆನಪಿರುತ್ತಿರಲಿಲ್ಲ, ಮೂಳೆ ನೆನಪಿರುತ್ತಿತ್ತು. ಸಂತೆಮರಹಳ್ಳಿ ಬಸ್ಸಿನಲ್ಲಿ ಯಾರಾದರೂ ನಮಸ್ಕಾರ ಅಂದರೆ ಕಣ್ಣು ಕಿರಿದು ಮಾಡಿ, "ಎಡಗೈ ಮುರ್ಕಂಡು ಬಂದಿದ್ದೋನಲ್ವಾ ನೀನು?" ಎನ್ನುತ್ತಿದ್ದರು. ಊರು ಹರವೆ, ಕೆಲಸ ಚಾಮರಾಜನಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುವುದು. "ಉಸ್ರು ಕಟ್ಟು" ಎಂದವರು "ಬುಡು" ಎನ್ನುವುದನ್ನು ಮರೆತು ಫಿಲ್ಮ್ ತೊಳೆಯಲು ಒಳಗೆ ಹೋಗಿಬಿಡುತ್ತಿದ್ದರು. ಹೊರಗೆ ಪಾಪ, ಬಂದವರು ಉಸಿರು ಕಟ್ಟಿ ಮುಖ ಕೆಂಪಗೆ ಮಾಡಿಕೊಂಡು ನಿಂತಿರುತ್ತಿದ್ದರು.

ತೊಂಬತ್ತರ ದಶಕದ ಶುರುವಿನಲ್ಲಿ, ಕೆಮ್ಮು ಬಿಡದ ಐದು ತಿಂಗಳ ಮಗನನ್ನು ತೆರಕಣಾಂಬಿಯಿಂದ ಅಲ್ಲಿಗೆ ಎತ್ತಿಕೊಂಡು ಹೋಗಿದ್ದೆ. ಜೊತೆಗೆ ಬಂದಿದ್ದ ನಮ್ಮ ಮಾವನವರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಎಕ್ಸ್‌ರೇ ಆದದ್ದೇ, ಡಾಕ್ಟರು ಬರುವ ಮೊದಲೇ ಅವರು ಹಸಿ ಫಿಲ್ಮನ್ನು ಕಿಟಕಿಗೆ ಹಿಡಿದು, "ಅಯ್ಯೋ, ಗುಂಡ್ಗೆ ಊದ್ಕಬುಟ್ಟದೆ ಕಣವ್ವ!" ಎಂದರು. ಮೊದಲ ಕೂಸನ್ನು ಕಳೆದುಕೊಂಡಿದ್ದವಳು ನಾನು. ಇದೂ ಹೋದರೆ ಹೇಗೆ ಬದುಕಲಿ ಎನಿಸಿತು.

ಮಾದಪ್ಪನವರು ಫಿಲ್ಮ್ ಇಸಿದುಕೊಂಡು ನೋಡಿ ನಕ್ಕುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

"ಗುಂಡ್ಗೆ ಅಲ್ಲ ಕಣವ್ವ, ಇಸ್ಕೂಲು! ಥೈಮಸ್ ಅಂತಾರೆ, ಗುಂಡ್ಗೆ ಮುಂದ್ಗಡೆ ಕುಂತಿರ್ತದೆ. ರೋಗದ ಮೇಲೆ ಬೀಳೋ ಕಣಗಳು ಅಲ್ಲೇ ಕಲ್ಯೋದು, ನಮ್ಮೋರ್ಯಾರು, ವರಗ್ನೋರ್ಯಾರು ಅಂತ. ನಮ್ಮೋರ್ಗೇ ಒಡ್ಯಕೆ ಓಗೋವ್ನ ಅಲ್ಲೇ ಫೇಲ್ ಮಾಡ್ಬುಡ್ತದೆ. ಕೂಸ್ಗೊಳ್ಗೆ ಅದು ದೊಡ್ದಾಗೇ ಇರ್ತದೆ, ಅದ್ಕೇ ಗುಂಡ್ಗೆ ಊದ್ದಂಗೆ ಕಾಣ್ತದೆ."

"ಆಮ್ಯಾಕೆ?" ಎಂದರು ಮಾವ.

"ಪ್ರಾಯ ಬಂದ್ಮೇಲೆ ವರ್ಸ ವರ್ಸ ಕರಗಿ ಕೊಬ್ಬಾಯ್ತದೆ. ಆದ್ರೂ ಪೂರ್ತಿ ಬಾಗ್ಲಾಕಲ್ಲ. ಅಲ್ಲಿ ಕಲ್ತು ಆಚ್ಗೆ ಬಂದವು ನಿಮ್ಮ ವಯಸ್ನಲ್ಲೂ ಕಾಯ್ತಾ ಇರ್ತವೆ, ಯಜಮಾನ್ರೇ."

ಮಾವ ಸದ್ದಿಲ್ಲದೆ ತಮ್ಮ ಎದೆ ಮುಟ್ಟಿ ನೋಡಿಕೊಂಡರು.

"ನಾ ಏಳ್ದೆ ಅಂತ ನಂಬ್ಬೇಡಿ, ಡಾಕ್ಟ್ರು ಬರ್ಲಿ" ಎಂದು ಮಾದಪ್ಪನವರು ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ಡಾಕ್ಟರು ಬಂದು ಅದೇ ಮಾತು ಹೇಳಿ, ಕೆಮ್ಮಿಗೊಂದು ಸಿರಪ್ ಬರೆದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಕಾಲಿಗೆ ಬೀಳಲು ಹೋದರೆ ಮಾದಪ್ಪನವರು ಹಿಂದೆ ಸರಿದು, "ಮುಂದ್ಲೋರು ಬನ್ರಪ್ಪಾ" ಎಂದು ಕೂಗಿದರು. ಅದೇ ಕೊನೆಯ ಭೇಟಿ. ಮತ್ತೆ ಹೋಗಿ ಮಗನನ್ನು ತೋರಿಸಿ ಬರಬೇಕೆಂದುಕೊಂಡೇ ವರ್ಷಗಳು ಕಳೆದವು.

ಅವರು ತೀರಿಕೊಂಡ ಸುದ್ದಿಯನ್ನು ಮಾವನೇ ಗುಂಡ್ಲುಪೇಟೆಯಿಂದ ತಂದರು. ಎರಡನೇ ಕ್ಲಾಸಿನ ಮಗ ಮುದ್ದೆ ಉಣ್ಣುತ್ತಾ ಕೂತಿದ್ದ. ನನ್ನ ಕಣ್ಣು ತುಂಬಿದ್ದು ನೋಡಿ, "ಯಾರವ್ವ ಅವ್ರು? ನಮ್ಗೇನಾಗ್ಬೇಕು?" ಎಂದು ಕೇಳಿದ.

"ನಿನ್ನ ಎದೆ ಒಳ್ಗೆ ನೋಡಿ ನಕ್ಕೋರು ಕಣಪ್ಪ" ಎಂದೆ.