ಹಿಪ್ಪರಗಿ ಹಾದಿಯ ಸುಣ್ಣದ ಬಾಣ

ನಾನು ಕಥೆ ಕಟ್ಟುವ ಮನುಷ್ಯನಲ್ಲ. ನೌಕರಿಯುದ್ದಕ್ಕೂ ಹೈಸ್ಕೂಲಿನ ಡ್ರಿಲ್ ಮಾಸ್ತರನಾಗಿದ್ದವನು. ಸೀಟಿ ಊದಿದರೆ ಸಾಲು ನೇರವಾಗಬೇಕು, ನನಗೆ ಗೊತ್ತಿದ್ದ ಲೋಕ ಅಷ್ಟೇ. ದೆವ್ವ ಕಂಡೆ ಎಂದು ಬಂದ ಹುಡುಗರನ್ನು ಮೈದಾನದ ಸುತ್ತ ಓಡಿಸಿ ಬೆವರಿಳಿಸಿದ್ದೇನೆ. ಈಗ ಆ ಹುಡುಗರು ನಕ್ಕರೂ ಚಿಂತೆಯಿಲ್ಲ. ಹೋದ ಎಳ್ಳಮಾವಾಸ್ಯೆಯ ಸಂಜೆ ನನಗೆ ಆದದ್ದನ್ನು ಆದಂತೆಯೇ ಬರೆಯುತ್ತಿದ್ದೇನೆ.

ನನ್ನ ಮಗಳು ಶೈಲಾ ಕಾರವಾರದಲ್ಲಿ ಶಿಕ್ಷಕಿ. ಅವಳೂ ಇಬ್ಬರು ಗೆಳತಿಯರೂ ಅಲ್ಲಿನ ಕಡಲ ದಂಡೆಯಿಂದ ವಿಜಯಪುರದವರೆಗೆ ಸೈಕಲ್ ಮೇಲೆ ಬರಲು ಹೊರಟಿದ್ದರು. ಹಾದಿ ಆರಿಸುವ ಕೆಲಸ ನನ್ನದು. ಇಂಡಿ, ಸಿಂದಗಿ, ಝಳಕಿ ಎಂದು ಈ ಸೀಮೆಯನ್ನೆಲ್ಲ ಸೈಕಲ್ ಮೇಲೆ ಸುತ್ತಿದವನು ನಾನು. ಮುದ್ದೇಬಿಹಾಳದಿಂದ ನಮ್ಮೂರು ಬಸವನ ಬಾಗೇವಾಡಿಗೆ ಎರಡು ಹಾದಿ. ನಿಡಗುಂದಿ ಮೇಲಿನ ದೊಡ್ಡ ರಸ್ತೆಯಲ್ಲಿ ಲಾರಿಗಳ ಕಾಟ. ಹೂವಿನ ಹಿಪ್ಪರಗಿ ಮೇಲಿನ ಒಳಹಾದಿಯಲ್ಲಿ ಬೇವಿನ ನೆರಳು, ಎರಡೂ ಕಡೆ ತೊಗರಿ, ಜೋಳ. ಹೆಣ್ಣುಮಕ್ಕಳು ನೆಮ್ಮದಿಯಿಂದ ಬರಲಿ ಎಂದು ಒಳಹಾದಿಯನ್ನೇ ಗಟ್ಟಿ ಮಾಡಿದೆ.

ಅವರು ಎಳ್ಳಮಾವಾಸ್ಯೆಯ ರಾತ್ರಿ ಮುದ್ದೇಬಿಹಾಳದಲ್ಲಿ ಉಳಿದು ಮರುದಿನ ಬರುವವರಿದ್ದರು. ಒಳಹಾದಿಗೆ ಕವಲು ಜಾಸ್ತಿ. ಹಾಗಾಗಿ ಡಬ್ಬಿ ತುಂಬ ಸುಣ್ಣದ ಪುಡಿ ತುಂಬಿಕೊಂಡು ಹಿಪ್ಪರಗಿಗೆ ಹೋದೆ. ಅಲ್ಲಿಂದ ಊರ ಕಡೆ ಮರಳುತ್ತ, ಖೋಖೋ ಅಂಕಣಕ್ಕೆ ಗೆರೆ ಹಾಕುವ ಹಾಗೆ, ಪ್ರತಿ ಕವಲಿನಲ್ಲೂ ನೆಲದ ಮೇಲೆ ಒಂದು ಬಾಣ ಬಿಡಿಸುತ್ತ ಬಂದೆ. ನನ್ನ ಬಾಣದ ಬಾಲಕ್ಕೆ ಒಂದು ಅಡ್ಡಗೆರೆ ಇರುತ್ತದೆ. ಅದು ನನ್ನ ಗುರುತು. ಶೈಲಾಗೂ ಗೊತ್ತು.

ಹೊತ್ತು ಮುಳುಗುತ್ತಿತ್ತು. ಚರಗ ಚೆಲ್ಲಿ ಉಂಡವರು ಗಾಡಿ ಹೂಡಿಕೊಂಡು ಮನೆಗೆ ಹೊರಟಿದ್ದರು. ಅವತ್ತು ನಮ್ಮ ಕಡೆ ಹೊಲಕ್ಕೇ ಊಟ ಒಯ್ದು, ಭೂಮಿತಾಯಿಗೆ ಎಡೆ ಹಿಡಿದು, ಕಡುಬು, ರೊಟ್ಟಿ, ಪಲ್ಯ ಕಲಸಿ ಬೆಳೆಯೊಳಗೆ ಚೆಲ್ಲುತ್ತಾರೆ, ಅದೇ ಚರಗ. ಚೆಲ್ಲುವವನು ‘ಹುಲ್ಲುಲಿಗ್ಯೋ’ ಎಂದು ಕೂಗಿದರೆ ಹಿಂದಿನವರು ‘ಚಳ್ಳಂಬರಿಗ್ಯೋ’ ಎನ್ನಬೇಕು.

ಬನ್ನಿಗಿಡದ ಕವಲಿನಲ್ಲಿ ನಾನು ಬಗ್ಗಿ ಬಾಣ ಬಿಡಿಸುತ್ತಿದ್ದಾಗ ಒಂದು ಗಾಡಿ ನಿಂತಿತು. ಮೇಲೆ ಕುಳಿತಿದ್ದ ಮುದುಕಿ ಗದರಿದಳು.

“ಏನ್ ಮಾಡಾಕತ್ತೀರಿ ಅದು?”

“ಹಾದಿ ಗುರ್ತು ಬೇ. ನಾಳೆ ನನ್ನ ಮಗಳು ಬರಾಕಿ ಅದಾಳ.”

“ಚರಗದ ದಿನ ನೆಲಕ್ಕ ಗೆರಿ ಎಳೀತಾರೇನ್ರಿ? ಈಗರ ಉಂಡು ಮಲಗೇತಿ. ಅದರ ಮೈಮ್ಯಾಲ ಕೈಯಾಡಿಸಿ ಎಬ್ಬಸ್ತೀರೇನು?”

“ಸಾಲಿ ಕಲಿಸಿದಾಂವ ಅದೇನಿ ಬೇ. ನನಗ ಇದನ್ನೆಲ್ಲ ಹೇಳಬ್ಯಾಡ.”

“ಕಲಿಸೀರಿ ಖರೆ, ಕಲ್ತಿಲ್ಲ ನೀವು.” ಆಕೆ ಬಾಣದ ಕಡೆ ಉಗುಳಿದಳು. “ಹೊಡಿಯೋ ಗಾಡಿ.”

ಗಾಡಿ ಹೋಯಿತು. ನಾನು ಅಡ್ಡಗೆರೆ ಎಳೆದು ಮುಗಿಸಿ, ಡಬ್ಬಿ ಮುಚ್ಚಿ ಸೈಕಲ್ ಹತ್ತಿದೆ.

ಸ್ವಲ್ಪ ದೂರದಲ್ಲೇ ಕತ್ತಲು ಕವಿಯಿತು. ಚಂದ್ರನಿಲ್ಲದ ರಾತ್ರಿ. ಸೈಕಲ್ ದೀಪದ ಬೆಳಕಿನಲ್ಲಿ ಮುಂದೆ ರಸ್ತೆಯ ಮೇಲೆ ಬೆಳ್ಳಗೆ ಏನೋ ಕಂಡಿತು...

ಬಾಣ. ಬಾಲಕ್ಕೆ ಅಡ್ಡಗೆರೆ.

ಮರಳುವಾಗ ಅಲ್ಲಿಗೆ ನಾನಿನ್ನೂ ಬಂದೇ ಇರಲಿಲ್ಲ. ಹೋಗುವಾಗ ಒಂದು ಗೆರೆಯನ್ನೂ ಹಾಕಿರಲಿಲ್ಲ. ಇಳಿದು ಮುಟ್ಟಿ ನೋಡಿದೆ. ನನ್ನದು ಒಣ ಪುಡಿ. ಇದು ಹಸಿ. ಬೆರಳಿಗೆ ತಣ್ಣಗೆ ಅಂಟಿತು. ಸುಣ್ಣದ ವಾಸನೆಯ ಜೊತೆ ಹಳಸಿದ ಪುಂಡಿಪಲ್ಯದ ವಾಸನೆ. ಬಾಣದ ಮೂತಿ ನಮ್ಮೂರ ಕಡೆಗಿರಲಿಲ್ಲ. ಎಡಕ್ಕೆ, ತೊಗರಿ ಹೊಲದ ಒಳಗಡೆ ತಿರುಗಿತ್ತು.

ಯಾವನೋ ಕಿಡಿಗೇಡಿ ಎಂದುಕೊಂಡು ಬೂಟಿನಿಂದ ಒರೆಸುತ್ತಿದ್ದೆ. ಆಗ ಹೊಲದೊಳಗಿನಿಂದ ಕೂಗು ಬಂತು.

“ಹುಲ್ಲುಲಿಗ್ಯೋ...”

ಚರಗ ಚೆಲ್ಲಿದ ಮೇಲೆ ಕತ್ತಲಲ್ಲಿ ಹೊಲದಲ್ಲಿ ಯಾರೂ ಇರುವುದಿಲ್ಲ. ಅದು ನನಗೆ ಗೊತ್ತು. ಆದರೆ ಚಿಕ್ಕಂದಿನಿಂದ ಅಪ್ಪನ ಬೆನ್ನ ಹಿಂದೆ ನಡೆದು ರೂಢಿಯಾದ ನಾಲಿಗೆ ಅದು. ಯೋಚಿಸುವುದಕ್ಕೆ ಮೊದಲೇ ನನ್ನ ಬಾಯಿಂದ ಹೊರಬಿತ್ತು.

“ಚಳ್ಳಂಬರಿಗ್ಯೋ.”

ಜೀರುಂಡೆಗಳು ಗಪ್ಪನೆ ನಿಂತವು. ತೊಗರಿ ಗಿಡಗಳು ಸರಸರ ಅಂದವು, ಗಾಳಿಯೇ ಇರಲಿಲ್ಲ. ಆಮೇಲೆ ಮತ್ತೆ ಅದೇ ಕೂಗು... ಈ ಸಲ ಹತ್ತಿರದಿಂದ. ಈ ಸಲ ನನ್ನದೇ ದನಿಯಲ್ಲಿ. ಮೈದಾನದ ಆ ತುದಿಗೆ ಕೇಳುವಂತೆ ಕೂಗಿ ಕೂಗಿ ಒಡೆದ, ಡ್ರಿಲ್ ಮಾಸ್ತರನ ದನಿ.

ಡಬ್ಬಿ ಎಲ್ಲಿ ಬಿತ್ತೋ ತಿಳಿಯದು. ಸೈಕಲ್ ತುಳಿದೆ. ಎಡಗಡೆ ಗಿಡಗಳು ನನ್ನ ವೇಗಕ್ಕೆ ಸರಿಯಾಗಿ ಅಲ್ಲಾಡುತ್ತ ಬಂದವು. ಮೊದಲು ಸಿಕ್ಕ ತೋಟದ ಮನೆಯ ಕದ ಬಡಿದೆ. ನಾಯಿ ಕಾಲಿಗೆ ಬಾಯಿ ಹಾಕಿತು. ಒಳಗಿದ್ದ ಗಂಡಸು ಕದ ತೆಗೆಯಲಿಲ್ಲ.

“ಯಾರದು?”

“ಬಾಗೇವಾಡಿ ಡ್ರಿಲ್ ಮಾಸ್ತರ. ಕದಾ ತಗೀರಿ.”

“ನಿಮ್ಮ ಹಿಂದಿನಾಂವ ಯಾರು?”

“ಯಾರೂ ಇಲ್ರಿ. ನಾ ಒಬ್ಬನ ಅದೇನಿ.”

ಒಳಗೆ ಪಿಸುಮಾತು. ಮತ್ತೊಂದು ಅಗುಳಿ ಬಿದ್ದ ಸದ್ದು. “ಒಬ್ಬನ ಅಂತೀರಿ, ಎರಡು ದನಿ ಉತ್ತರಾ ಕೊಡಾಕತ್ತಾವು. ಸುಮ್ಮನ ಮುಂದ ಹೋಗ್ರಿ. ನಮ್ಮ ಮನಿಯಾಗ ಕೂಸು ಐತಿ.”

ಬಾಗೇವಾಡಿಯ ಬೀದಿದೀಪ ಕಾಣುವವರೆಗೆ ಹಿಂತಿರುಗಿ ನೋಡಲಿಲ್ಲ. ಮನೆ ಮುಟ್ಟಿದವನೇ ಶೈಲಾಗೆ ಫೋನ್ ಹಚ್ಚಿದೆ.

“ನಾಳೆ ಹಿಪ್ಪರಗಿ ಹಾದಿ ಬ್ಯಾಡ. ನಿಡಗುಂದಿ ಮ್ಯಾಲ ಬರ್ರಿ.”

“ಅಪ್ಪಾ, ಲಾರಿ ಮೈಮ್ಯಾಲ ಬರ್ತಾವ ಅಂತ ಹೆದರಿಸಿದವರು ನೀವ ಅಲ್ಲೇನ್ರಿ? ಈಗೇನಾತು?”

“ಹೇಳಿದಷ್ಟು ಕೇಳು!”

ಆತ್ರಿ ಎಂದು ಫೋನ್ ಇಟ್ಟಳು. ರಾತ್ರಿಯೆಲ್ಲ ಕುಳಿತೇ ಇದ್ದೆ. ಮರುದಿನ ಮಧ್ಯಾಹ್ನ ಮೂವರೂ ಧೂಳು ಮೆತ್ತಿಕೊಂಡು ನಗುತ್ತ ಮನೆಗೆ ಬಂದಾಗ ನನಗೆ ಜೀವ ಬಂತು.

ಶೈಲಾ ನೀರು ಕುಡಿದು ತಂಬಿಗೆ ಇಟ್ಟಳು. “ಲಾರಿ ಕಾಟ ಖರೆನ ಭಾಳ ಇತ್ರಿ ಅಪ್ಪಾ. ಆದ್ರ ನಿಮ್ಮ ಬಾಣ ಇದ್ವಲ್ಲ, ಧೈರ್ಯ ಇತ್ತು.”

“ಯಾವ ಬಾಣ?”

“ಚ್ಯಾಷ್ಟಿ ಸಾಕ್ರಿ. ನಿಡಗುಂದಿ ಹಾದಿ ತುಂಬ ಹಾಕೀರಲ್ಲ, ಬಾಲಕ್ಕ ಅಡ್ಡಗೆರಿ ಎಳದು. ಒಂದ ಮಾತ್ರ ತಪ್ಪಿತ್ತು ನೋಡ್ರಿ, ತೊಗರಿ ಹೊಲದಾಗ ತಿರುಗಿತ್ತು. ಅಲ್ಲೇ ಅಡಗಿ ಕುಂತು ಕೂಗಿದ್ರಲ್ಲ ನೀವು, ‘ಹುಲ್ಲುಲಿಗ್ಯೋ’ ಅಂತ... ನಮಗ ನಕ್ಕು ನಕ್ಕು ಸಾಕಾತು.”

ಗೆಳತಿಯರು ನಕ್ಕರು.

“ನೀ... ಉತ್ತರಾ ಕೊಟ್ಟೇನು?”

“ಕೊಡದ ಹೆಂಗಿರ್ಲಿ ಅಪ್ಪಾ? ನಿಮ್ಮ ದನಿ ಅಲ್ಲೇನದು?”

ವಿಜಯಪುರ ಮುಟ್ಟಿ ಬಂದಾಯಿತು, ರಜೆ ಮುಗಿಯುತ್ತ ಬಂದಿದೆ. ಅವಳು ಮತ್ತೆ ಸೈಕಲ್ ಮೇಲೆಯೇ ಕಾರವಾರಕ್ಕೆ ಹೊರಟು ನಿಂತಿದ್ದಾಳೆ. ಬಸ್ಸಿಗೆ ಹೋಗು ಎಂದರೆ ಕೇಳಲೊಲ್ಲಳು, ಒಳ್ಳೆಯ ಹಾದಿ ಹೇಳಿ ಎಂದು ಬೆನ್ನು ಹತ್ತಿದ್ದಾಳೆ. ನಾನು ಯಾವ ಹಾದಿಯನ್ನೂ ಹೇಳಿಲ್ಲ. ನಿನ್ನೆ ಸಂಜೆ ನಾನು ಹಿತ್ತಲಿನಲ್ಲಿದ್ದೆ. ಬಾಯಿ ತೆರೆದಿರಲಿಲ್ಲ. ಅವಳು ಪಡಸಾಲೆಯಿಂದ ಕೂಗಿ ಹೇಳಿದಳು:

“ಆತ್ರಿ ಅಪ್ಪಾ, ನೀವು ಈಗ ಹೇಳಿದ ಹಾದಿಗೇ ಹೋಗ್ತೇನಿ.”